ಮೆಖೆಲೆನ್ ಗಂಟೆಗೋಪುರ: ಹತ್ತುವುದಕ್ಕೂ ಕ್ಯಾರಿಲಾನ್ ಕಚೇರಿ ಕೇಳುವುದಕ್ಕೂ ಸಮಗ್ರ ಮಾರ್ಗದರ್ಶಿ

ಬೆಲ್ಜಿಯಂನ ಮೆಖೆಲೆನ್‌ಗೆ ಹೋಗಿ ಬಂದವರ ದೂರು ಹೆಚ್ಚುಕಡಿಮೆ ಒಂದೇ ಬಗೆಯದು. ಮೆಟ್ಟಿಲು ಹತ್ತಿ ಕಾಲು ನೋಯಿಸಿಕೊಂಡೆವು, ಗಂಟೆಗಳನ್ನು ಕಣ್ತುಂಬ ನೋಡಿದೆವು, ಆ ಗಂಟೆಗಳನ್ನೇ ವಾದ್ಯದಂತೆ ನುಡಿಸುವ ಕ್ಯಾರಿಲಾನ್ ಸಂಗೀತ ಕಚೇರಿ ಮಾತ್ರ ತಪ್ಪಿಹೋಯಿತು. ಇನ್ನು ಕೆಲವರು ಕಚೇರಿಗೆಂದೇ ಹೋಗಿ, ಗೋಪುರದ ಬುಡದಲ್ಲಿ ಕತ್ತೆತ್ತಿ ನಿಂತು, ಇದೇನು ಬರೀ ಗದ್ದಲ ಎಂದುಕೊಂಡು ಹತ್ತೇ ನಿಮಿಷಕ್ಕೆ ಹಿಂದಿರುಗುತ್ತಾರೆ.

ಎರಡೂ ಎಡವಟ್ಟಿನ ಮೂಲ ಒಂದೇ. ಗೋಪುರ ಹತ್ತುವುದು ಬೇರೆ ಕೆಲಸ, ಕಚೇರಿ ಕೇಳುವುದು ಬೇರೆ ಕೆಲಸ. ಎರಡಕ್ಕೂ ಬೇರೆ ಬೇರೆ ಹೊತ್ತು ಬೇಕು, ಬೇರೆ ಬೇರೆ ಜಾಗ ಬೇಕು. ಟಿಕೆಟ್ ಬೇಕಾಗಿರುವುದು ಹತ್ತುವುದಕ್ಕೆ ಮಾತ್ರ. ಕೆಳಗಿನ ಹಂತಗಳನ್ನು ಕೊಟ್ಟಿರುವ ಕ್ರಮದಲ್ಲೇ ಅನುಸರಿಸಿ. ಮೊದಲು ಟಿಕೆಟ್ ಕೊಂಡು ಆಮೇಲೆ ಕಚೇರಿಯ ದಿನ ಹುಡುಕುವವರೇ ಹೆಚ್ಚಾಗಿ ಮೋಸಹೋಗುವುದು.

ಶುರುಮಾಡುವ ಮೊದಲು: ಅಲ್ಲಿ ಏನಿದೆ

ಸೇಂಟ್ ರುಂಬೋಲ್ಡ್ ಕೆಥೆಡ್ರಲ್‌ನ ಈ ಗೋಪುರದ ಎತ್ತರ 97 ಮೀಟರ್, ಮೆಟ್ಟಿಲು 538. ಲಿಫ್ಟ್ ಇಲ್ಲ. ಒಳಗೆ ಒಂದಲ್ಲ, ಎರಡು ಕ್ಯಾರಿಲಾನ್‌ಗಳಿವೆ. ಒಂದು ಹಳೆಯದು, ಇನ್ನೊಂದು 1981ರದು. ಒಂದೊಂದರಲ್ಲೂ 49 ಗಂಟೆಗಳು, ಅಂದರೆ ನಾಲ್ಕು ಸ್ಥಾಯಿಗಳಷ್ಟು ಹರವು. ತುದಿಯಲ್ಲಿ ಸ್ಕೈವಾಕ್ ಎನ್ನುವ ನಡೆದಾರಿ ಇದೆ, ಅಲ್ಲಿಂದ ಊರೆಲ್ಲ ಕಾಣುತ್ತದೆ.

ಕ್ಯಾರಿಲಾನ್ ಎಂದರೆ ತೂಗಾಡುವ ಗಂಟೆಗಳಲ್ಲ. ಗಂಟೆಗಳು ತೊಲೆಗೆ ಬಿಗಿದು ನಿಂತಿರುತ್ತವೆ, ಅಲುಗಾಡುವುದು ಅವುಗಳ ನಾಲಗೆ ಮಾತ್ರ. ಒಂದೊಂದು ನಾಲಗೆಯಿಂದಲೂ ಒಂದು ತಂತಿ ಹೊರಟು ವಾದಕರ ಮುಂದಿರುವ ಮರದ ಹಿಡಿಗೆ ಸೇರುತ್ತದೆ. ಅರ್ಧ ಮಡಚಿದ ಮುಷ್ಟಿಯಿಂದ ಹಿಡಿಯನ್ನು ಒತ್ತಿದರೆ ನಾಲಗೆ ಗಂಟೆಗೆ ಬಡಿಯುತ್ತದೆ. ದೊಡ್ಡ ಗಂಟೆಗಳಿಗೆ ಕೈಬಲ ಸಾಲದು, ಅವಕ್ಕೆ ಕಾಲಿನ ಪೆಡಲ್‌ಗಳೂ ಇವೆ. ಈ ಇಡೀ ಕೆಲಸ ನಡೆಯುವುದು ಗೋಪುರದೊಳಗಿನ ಒಂದು ಕೋಣೆಯಲ್ಲಿ. ಹಾಗಾಗಿ ಇಲ್ಲಿ ವೇದಿಕೆ ಇಲ್ಲ, ವಾದಕರು ಕೆಳಗಿನವರ ಕಣ್ಣಿಗೆ ಬೀಳುವುದಿಲ್ಲ. ಇದು ಗೊತ್ತಿಲ್ಲದೆ ವೇದಿಕೆ ಎಲ್ಲಿ ಎಂದು ಚೌಕವನ್ನೆಲ್ಲ ಸುತ್ತುವವರಿದ್ದಾರೆ.

ಹಂತ 1: ಕಚೇರಿಯ ದಿನವನ್ನು ಮೊದಲು ಗೊತ್ತುಮಾಡಿ

ಮೆಖೆಲೆನ್‌ನ ಹೆಸರುವಾಸಿ ಕಚೇರಿ ನಡೆಯುವುದು ಬೇಸಿಗೆಯ ಸೋಮವಾರಗಳಂದು, ರಾತ್ರಿ 8.30ಕ್ಕೆ. ಈ ಸೋಮವಾರದ ಸಂಪ್ರದಾಯ 1892ರಿಂದ ಬಂದದ್ದು. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಅವಧಿಯಲ್ಲಿ ಹೋಗುವುದಾದರೆ ಕಣ್ಣುಮುಚ್ಚಿ ಸೋಮವಾರವನ್ನೇ ಆರಿಸಿಕೊಳ್ಳಿ. ಸೆಪ್ಟೆಂಬರ್ ಎರಡನೇ ವಾರದ ನಂತರವಾದರೆ ಆ ವರ್ಷದ ಕೊನೆಯ ಸೋಮವಾರ ಯಾವುದೆಂದು ನೋಡಿಕೊಳ್ಳಿ.

ಸೋಮವಾರ ಆಗುವುದಿಲ್ಲ ಎನ್ನುವವರಿಗೆ ವಾರಾಂತ್ಯವಿದೆ. ಸಾಮಾನ್ಯವಾಗಿ ಶನಿವಾರ ಬೆಳಿಗ್ಗೆ 11.30ಕ್ಕೆ, ಭಾನುವಾರ ಮಧ್ಯಾಹ್ನ 3ಕ್ಕೆ ನುಡಿಸುತ್ತಾರೆ. ಹಬ್ಬ, ದುರಸ್ತಿ, ಬೇರೆ ಕಾರ್ಯಕ್ರಮಗಳಿದ್ದರೆ ವೇಳೆ ಬದಲಾಗುವುದರಿಂದ ಹೊರಡುವ ವಾರ ನಗರದ ಪ್ರವಾಸೋದ್ಯಮ ಕಚೇರಿಯ ಪಟ್ಟಿಯನ್ನು ಮತ್ತೊಮ್ಮೆ ತೆರೆದು ನೋಡಬೇಕು. ಆರು ತಿಂಗಳ ಹಿಂದೆ ತೆಗೆದಿಟ್ಟ ಸ್ಕ್ರೀನ್‌ಶಾಟ್ ನಂಬಬೇಡಿ.

ಪಟ್ಟಿ ಓದುವಾಗ ಎರಡು ಎಚ್ಚರ. ಒಂದು, ಅಲ್ಲಿನ ಡಚ್ ಭಿತ್ತಿಪತ್ರಗಳಲ್ಲಿ ಕ್ಯಾರಿಲಾನ್ ಎಂಬ ಪದ ಹೆಚ್ಚಾಗಿ ಇರುವುದೇ ಇಲ್ಲ. ಬಿ, ಇ, ಐ, ಎ, ಎ, ಆರ್, ಡಿ ಅಕ್ಷರಗಳಿಂದ ಶುರುವಾಗುವ ಪದ ಕಂಡರೆ ಅದೇ ಇದು. ಎರಡು, ಯಾರನ್ನಾದರೂ ಬಾಯಿಮಾತಲ್ಲಿ ವೇಳೆ ಕೇಳಿದಾಗ ಅವರು ‘ಹಾಫ್ ನೇಗನ್’ ಎಂದರೆ ಒಂಬತ್ತೂವರೆಯಲ್ಲ, ಎಂಟೂವರೆ. ಒಂಬತ್ತಕ್ಕೆ ಅರ್ಧ ಗಂಟೆ ಬಾಕಿ ಎನ್ನುವುದು ಡಚ್ ಭಾಷೆಯ ಲೆಕ್ಕ. ಇದನ್ನು ಒಂಬತ್ತೂವರೆ ಎಂದು ತಿಳಿದವರು ಬಂದು ನಿಲ್ಲುವ ಹೊತ್ತಿಗೆ ಜನ ಎದ್ದು ಹೋಗುತ್ತಿರುತ್ತಾರೆ.

ಹಂತ 2: ಆ ದಿನಕ್ಕೆ ಹೊಂದುವಂತೆ ಗೋಪುರದ ಟಿಕೆಟ್ ತೆಗೆದುಕೊಳ್ಳಿ

ದಿನ ಗೊತ್ತಾದ ಮೇಲೆ ಟಿಕೆಟ್. ನಗರದ ಪ್ರವಾಸೋದ್ಯಮ ತಾಣದಲ್ಲಿ ಆನ್‌ಲೈನ್‌ನಲ್ಲೇ ಸಿಗುತ್ತದೆ. ಗೋಪುರ ಹೆಚ್ಚಿನ ದಿನಗಳಲ್ಲಿ ಬಾಗಿಲು ತೆರೆಯುವುದೇ ಮಧ್ಯಾಹ್ನ, ಸಂಜೆಯ ಹೊತ್ತಿಗೆ ಮುಚ್ಚುತ್ತದೆ. ಕೊನೆಯ ಪ್ರವೇಶ ಇರುವುದು ಮುಚ್ಚುವ ವೇಳೆಗಿಂತ ಸಾಕಷ್ಟು ಮುಂಚೆ. ಸಂಜೆ ಐದೂವರೆಗೆ ಓಡೋಡಿ ಬಂದರೆ ಒಳಗೆ ಬಿಡುವುದಿಲ್ಲ. ಟಿಕೆಟ್ ಮೇಲೆ ಮುದ್ರಿಸಿರುವ ಕೊನೆಯ ಪ್ರವೇಶದ ವೇಳೆಯೇ ನಿಮಗೆ ಮುಖ್ಯ, ಮುಚ್ಚುವ ವೇಳೆಯಲ್ಲ.

ಹತ್ತಿ, ಕೋಣೆಗಳನ್ನು ನೋಡಿ, ಇಳಿಯಲು ಒಂದೂವರೆಯಿಂದ ಎರಡು ಗಂಟೆ ಇಟ್ಟುಕೊಳ್ಳಿ. ಈ ಲೆಕ್ಕದಲ್ಲಿ ದಿನವನ್ನು ಹೀಗೆ ಜೋಡಿಸಬಹುದು:

- ಸೋಮವಾರ: ಮಧ್ಯಾಹ್ನ 2ರ ಆಸುಪಾಸಿಗೆ ಹತ್ತಿ, 4ಕ್ಕೆ ಕೆಳಗೆ ಬನ್ನಿ. ವಿಶ್ರಾಂತಿ, ಊಟ ಮುಗಿಸಿ 8.15ಕ್ಕೆ ಕೇಳುವ ಜಾಗದಲ್ಲಿರಿ.
- ಶನಿವಾರ: ಮೊದಲು ಕಚೇರಿ ಕೇಳಿ, ಊಟ ಮಾಡಿ, ಆಮೇಲೆ ಹತ್ತಿ.
- ಭಾನುವಾರ: 3ರ ಕಚೇರಿ ಮುಗಿದ ಕೂಡಲೇ ಹತ್ತಲು ಕೊನೆಯ ಪ್ರವೇಶದ ವೇಳೆ ಅವಕಾಶ ಕೊಡುತ್ತದೆಯೇ ನೋಡಿ. ಇಲ್ಲವಾದರೆ ಬಾಗಿಲು ತೆರೆದೊಡನೆ ಹತ್ತಿ 2.45ರೊಳಗೆ ಇಳಿದುಬಿಡಿ.

ಹೆಚ್ಚು ಜನ ಎಡವುವುದು ಭಾನುವಾರದಂದೇ. ಎರಡೂವರೆಗೆ ಹತ್ತಲು ಶುರುಮಾಡಿ, ಮೇಲೆ ನಿಂತು ಕಚೇರಿಯನ್ನೂ ಕೇಳಿಬಿಡೋಣ, ಒಂದೇ ಕಲ್ಲಿಗೆ ಎರಡು ಹಕ್ಕಿ ಎಂದು ಲೆಕ್ಕ ಹಾಕುತ್ತಾರೆ. ಮೇಲೆ ಸಿಗುವುದು ಗಾಳಿಯ ಸದ್ದು, ತಂತಿಗಳ ಕಟಕಟ, ಹತ್ತಿರದ ಗಂಟೆಯ ಅಬ್ಬರ. ರಾಗವೊಂದು ರೂಪುಗೊಳ್ಳಲು ಬೇಕಾದ ದೂರ ಅಲ್ಲಿ ಸಿಗುವುದಿಲ್ಲ.

ಹಂತ 3: ಯಾರು ಹತ್ತಬೇಕು, ಯಾರು ಕೆಳಗೇ ಇರಬೇಕು

ಬ್ರಸೆಲ್ಸ್, ಲೂವೆನ್ ಕಡೆ ಓದಲು, ಕೆಲಸಕ್ಕೆ ಬಂದಿರುವ ಕನ್ನಡದವರು ಊರಿಂದ ಬಂದ ಅಪ್ಪ ಅಮ್ಮನನ್ನು ಇಲ್ಲಿಗೆ ಕರೆತರುವಾಗ ಈ ತೀರ್ಮಾನವನ್ನು ಮನೆಯಲ್ಲೇ ಮಾಡಬೇಕು, ಗೋಪುರದ ಬಾಗಿಲಲ್ಲಲ್ಲ. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತಿದವರಿಗೆ 538 ಯಾವ ಲೆಕ್ಕ ಎನ್ನಿಸಬಹುದು. ಆದರೆ ಬೆಟ್ಟದಲ್ಲಿ ಬೇಕೆಂದಲ್ಲಿ ಪಕ್ಕಕ್ಕೆ ಸರಿದು ಕೂರಬಹುದು, ತಣ್ಣನೆ ಗಾಳಿ ಬೀಸುತ್ತದೆ, ಬೇಡವೆನಿಸಿದರೆ ಅರ್ಧದಿಂದ ರಸ್ತೆಗೆ ಇಳಿಯಬಹುದು. ಇಲ್ಲಿರುವುದು ಕಲ್ಲಿನ ಗೋಡೆಯೊಳಗೆ ಸುತ್ತಿಕೊಂಡು ಹೋಗುವ ಇಕ್ಕಟ್ಟಿನ ಸುರುಳಿ. ಎರಡು ಕೋಣೆಗಳ ನಡುವೆ ಕೂರಲು ತಾವಿಲ್ಲ.

ಮಂಡಿನೋವು, ಹೃದಯದ ತೊಂದರೆ, ಉಬ್ಬಸ, ತಲೆಸುತ್ತು, ಇಕ್ಕಟ್ಟಾದ ಜಾಗದ ಭಯ, ಇವುಗಳಲ್ಲಿ ಯಾವುದಿದ್ದರೂ ಹತ್ತುವುದು ಬೇಡ. ಮಂಡಿನೋವಿನವರು ಹತ್ತುವುದನ್ನಷ್ಟೇ ಯೋಚಿಸುತ್ತಾರೆ. ಮಂಡಿಗೆ ನಿಜವಾದ ಹೊಡೆತ ಬೀಳುವುದು ಇಳಿಯುವಾಗ. ಕೈಗೂಸನ್ನು ಸೊಂಟದ ಮೇಲೆ ಎತ್ತಿಕೊಂಡು ಹತ್ತುವ ಸಾಹಸವೂ ಬೇಡ, ಇಳಿಯುವಾಗ ಕಾಲಡಿಯ ಮೆಟ್ಟಿಲೇ ಕಾಣುವುದಿಲ್ಲ.

ಹತ್ತದವರು ಏನೋ ಕಳೆದುಕೊಂಡರು ಎಂದು ಕೊರಗಬೇಕಿಲ್ಲ. ಕಚೇರಿ ಇರುವುದೇ ಕೆಳಗಿನವರಿಗೆ. ಹತ್ತುವವರು ಎರಡು ಗಂಟೆ ಮೇಲಿರುವಾಗ ಹಿರಿಯರು ಕೆಥೆಡ್ರಲ್ ನೋಡಬಹುದು, ಚೌಕದಲ್ಲಿ ಕಾಫಿ ಕುಡಿಯಬಹುದು. ಎಲ್ಲಿ ಕಾಯುತ್ತಾರೆ ಎಂಬುದನ್ನು ಮೊದಲೇ ಮಾತಾಡಿಕೊಂಡಿರಿ. ದಪ್ಪ ಕಲ್ಲುಗೋಡೆಯ ಒಳಗೆ ಫೋನ್ ಸಿಗ್ನಲ್ ನೆಚ್ಚಿಕೊಳ್ಳುವಂತಿಲ್ಲ.

ಹಂತ 4: ಏನು ತೊಡಬೇಕು, ಏನು ಒಯ್ಯಬೇಕು

ಹಿಮ್ಮಡಿಗೆ ಪಟ್ಟಿಯಿಲ್ಲದ ಚಪ್ಪಲಿ ಇಲ್ಲಿ ಅಪಾಯ. ಸವೆದ ಕಲ್ಲಿನ ಮೇಲೆ ಜಾರುವುದು ಒಂದು ಕಡೆ, ಜಾರಿದ ಚಪ್ಪಲಿ ಕೆಳಗಿನಿಂದ ಹತ್ತಿ ಬರುತ್ತಿರುವವರ ತಲೆ ಮೇಲೆ ಬೀಳುವುದು ಇನ್ನೊಂದು ಕಡೆ. ಲೇಸ್ ಕಟ್ಟಿದ, ತಳ ಹಿಡಿತವಿರುವ ಶೂ ಹಾಕಿ. ಸೀರೆ ಉಟ್ಟವರಿಗೆ ಹತ್ತುವಾಗ ನೆರಿಗೆ ಕಾಲಡಿ ಸಿಗುತ್ತದೆ, ಇಳಿಯುವಾಗ ಹಿಂದಿನವರ ಕಾಲಡಿ ಸೆರಗು ಸಿಗುತ್ತದೆ. ಆ ದಿನಕ್ಕೆ ಚೂಡಿದಾರ್ ಅಥವಾ ಪ್ಯಾಂಟ್ ಲೇಸು, ದುಪಟ್ಟಾವನ್ನು ಸೊಂಟಕ್ಕೆ ಬಿಗಿಯಾಗಿ ಕಟ್ಟಿಕೊಳ್ಳಿ.

ಚೀಲದಲ್ಲಿರಲಿ: ಅರ್ಧ ಲೀಟರ್ ನೀರು, ತೆಳುವಾದ ಜಾಕೆಟ್, ಎರಡು ಜೊತೆ ಇಯರ್‌ಪ್ಲಗ್. ಇಯರ್‌ಪ್ಲಗ್ ತಮಾಷೆಗೆ ಹೇಳಿದ್ದಲ್ಲ, ಕಾರಣ ಹಂತ 6ರಲ್ಲಿದೆ. ಬೆನ್ನಿಗೆ ಹಾಕುವ ದೊಡ್ಡ ಚೀಲ, ಸೂಟ್‌ಕೇಸ್, ಮಕ್ಕಳ ತಳ್ಳುಗಾಡಿ, ಉದ್ದನೆಯ ಕೊಡೆ ಸುರುಳಿ ಮೆಟ್ಟಿಲಲ್ಲಿ ತಿರುಗುವುದಿಲ್ಲ. ಅವನ್ನು ತಂಗಿರುವ ಜಾಗದಲ್ಲೇ ಬಿಟ್ಟು ಬನ್ನಿ.

ಸಂಜೆಯ ಕಚೇರಿಗೆ ಜಾಕೆಟ್ ಕಡ್ಡಾಯವೆಂದೇ ತಿಳಿಯಿರಿ. ಜುಲೈ ತಿಂಗಳಲ್ಲೂ ರಾತ್ರಿ ಒಂಬತ್ತಕ್ಕೆ 15 ಡಿಗ್ರಿಯ ಹತ್ತಿರ ಇಳಿಯುವುದು ಅಲ್ಲಿ ಮಾಮೂಲು. ಒಂದು ಗಂಟೆ ಅಲುಗಾಡದೆ ಕೂತಾಗ ಆ ಚಳಿ ಇನ್ನೂ ಹೆಚ್ಚೆನಿಸುತ್ತದೆ.

ಹಂತ 5: ಊರು ತಲುಪುವುದು

ಮೆಖೆಲೆನ್ ಇರುವುದು ಬ್ರಸೆಲ್ಸ್ ಮತ್ತು ಆಂಟ್‌ವೆರ್ಪ್ ನಡುವೆ. ಎರಡೂ ಕಡೆಯಿಂದ ರೈಲಿನಲ್ಲಿ ಅರ್ಧ ಗಂಟೆಯೊಳಗಿನ ದಾರಿ, ಲೂವೆನ್‌ನಿಂದಲೂ ಅರ್ಧ ಗಂಟೆಯ ಆಸುಪಾಸು. ಬ್ರಸೆಲ್ಸ್ ವಿಮಾನ ನಿಲ್ದಾಣದಿಂದ ನೇರ ರೈಲು ಇದೆ, ಕಾಲು ಗಂಟೆ ಸಾಕು. ಆದರೆ ವಿಮಾನ ನಿಲ್ದಾಣದ ಸ್ಟೇಷನ್‌ಗೆ ಹೆಚ್ಚುವರಿ ಶುಲ್ಕವಿದೆ, ಟಿಕೆಟ್ ಅಲ್ಲಿಂದಲೇ ಶುರುವಾಗುವಂತೆ ತೆಗೆದುಕೊಂಡರೆ ತಂಟೆಯಿಲ್ಲ.

ಬ್ರಸೆಲ್ಸ್‌ನ ಫಲಕಗಳು ಎರಡು ಭಾಷೆಯಲ್ಲಿರುತ್ತವೆ. ಫ್ರೆಂಚ್‌ನಲ್ಲಿ ಈ ಊರಿನ ಹೆಸರು ಮಲೀನ್. ಫಲಕದಲ್ಲಿ ಅದನ್ನು ಕಂಡು, ನಮ್ಮ ರೈಲಲ್ಲ ಎಂದು ಬಿಟ್ಟು ನಿಲ್ಲಬೇಡಿ. ಇಳಿಯುವಾಗ ‘ಮೆಖೆಲೆನ್’ ಎಂದಷ್ಟೇ ಇರುವ ಮುಖ್ಯ ನಿಲ್ದಾಣದಲ್ಲಿ ಇಳಿಯಿರಿ. ಊರಿನಲ್ಲಿ ನೆಕರ್‌ಸ್ಪೂಲ್ ಎಂಬ ಇನ್ನೊಂದು ನಿಲ್ದಾಣವೂ ಇದೆ. ತಪ್ಪಿ ಅಲ್ಲಿಳಿದರೂ ನಡೆದೇ ಹೋಗಬಹುದು, ಗಾಬರಿ ಬೇಡ.

ಮುಖ್ಯ ನಿಲ್ದಾಣದಿಂದ ಬ್ರೂಲ್ ಎಂಬ ಅಂಗಡಿಬೀದಿ ಹಿಡಿದು ನೇರ ನಡೆದರೆ ಇಪ್ಪತ್ತು ನಿಮಿಷದಲ್ಲಿ ಗ್ರೋಟೆ ಮಾರ್ಕ್ಟ್ ಎಂಬ ದೊಡ್ಡ ಚೌಕ. ಗೋಪುರ ಅಲ್ಲಿಂದ ಕಣ್ಣೆದುರಿಗೇ ಇದೆ, ಮ್ಯಾಪ್ ಬೇಕಾಗುವುದಿಲ್ಲ.

ಹಂತ 6: 538 ಮೆಟ್ಟಿಲು, ಸರಿಯಾದ ಕ್ರಮದಲ್ಲಿ

ಬಾಗಿಲಿಗೆ ಹೋಗುವ ಮೊದಲು ಶೌಚಾಲಯ ಮುಗಿಸಿಕೊಳ್ಳಿ. ಮಕ್ಕಳಿದ್ದರೆ ಇದನ್ನು ಎರಡು ಸಲ ಓದಿಕೊಳ್ಳಿ.

ಮೊದಲ ಐವತ್ತು ಮೆಟ್ಟಿಲು ಎಲ್ಲರಿಗೂ ಸಲೀಸು. ಅಲ್ಲೇ ಅವಸರ ಮಾಡಿ, ನೂರೈವತ್ತರ ಹೊತ್ತಿಗೆ ಏದುಸಿರು ಬಿಟ್ಟು, ಹಿಂದಿನವರಿಗೆ ದಾರಿ ಬಿಡಲಾಗದೆ ಪೇಚಾಡುವುದೇ ಇಲ್ಲಿ ನಿತ್ಯ ಕಾಣುವ ನೋಟ. ಪಕ್ಕದವರೊಡನೆ ಮಾತಾಡುತ್ತ ಹತ್ತಬಹುದಾದಷ್ಟು ನಿಧಾನವೇ ಸರಿಯಾದ ವೇಗ. ಮಾತು ತುಂಡಾಗುತ್ತಿದ್ದರೆ ವೇಗ ಜಾಸ್ತಿಯಾಗಿದೆ ಎಂದರ್ಥ.

ಸುರುಳಿ ಮೆಟ್ಟಿಲು ನಡುಗಂಬದ ಕಡೆ ಕಿರಿದು, ಹೊರಗೋಡೆಯ ಕಡೆ ಅಗಲ. ಪಾದವನ್ನು ಯಾವಾಗಲೂ ಅಗಲದ ಕಡೆ ಊರಿ. ಹತ್ತುವವರೂ ಇಳಿಯುವವರೂ ಬಳಸುವುದು ಇದೇ ಸುರುಳಿಯನ್ನು. ಎದುರಿಗೆ ಯಾರಾದರೂ ಬಂದರೆ ಕಾಲಿಗೆ ಗಟ್ಟಿ ನೆಲೆ ಸಿಕ್ಕಿರುವವರು ಗೋಡೆಗೆ ಒರಗಿ ನಿಂತು, ಇನ್ನೊಬ್ಬರಿಗೆ ದಾರಿ ಕೊಡುವುದು ಒಳ್ಳೆಯದು. ಸಾಧ್ಯವಿದ್ದಷ್ಟೂ ಮುಂದಿನ ಕೋಣೆಯಲ್ಲೇ ಕಾದು, ಇಳಿದು ಬರುತ್ತಿರುವ ಗುಂಪು ದಾಟಿದ ಮೇಲೆ ಹೊರಡಿ.

ದಾರಿಯಲ್ಲಿ ಸಿಗುವ ಕೋಣೆಗಳೇ ನಿಮ್ಮ ವಿಶ್ರಾಂತಿಯ ತಾಣಗಳು. ಯಾವುದನ್ನೂ ಬಿಟ್ಟು ಮೇಲೋಡಬೇಡಿ.

*ಕ್ರೇನ್ ಕೋಣೆ ಮತ್ತು ಕಮ್ಮಾರಸಾಲೆ.* ಮೊದಲನೆಯದರಲ್ಲಿ ಭಾರ ಎತ್ತುವ ಯಂತ್ರದ ದೊಡ್ಡ ಮರದ ಚಕ್ರವಿದೆ. ಮನುಷ್ಯರು ಚಕ್ರದೊಳಗೆ ನಡೆದು ಅದನ್ನು ತಿರುಗಿಸುತ್ತಿದ್ದರು. ಅದರ ಮೇಲಿನದು ಕಮ್ಮಾರರ ಕೆಲಸದ ಕೋಣೆ. ಇಲ್ಲಿ ಐದು ನಿಮಿಷ ಕೂತು ನೀರು ಕುಡಿಯಿರಿ. ಈ ಹಂತದಲ್ಲೇ ತೊಡೆ ನಡುಗುತ್ತಿದ್ದರೆ ಮುಂದೆ ಹೋಗುವ ಬಗ್ಗೆ ಮರುಯೋಚನೆ ಮಾಡಲು ಇದೇ ತಕ್ಕ ಜಾಗ.

*ಗಂಟೆಗಳ ಕೋಣೆ.* ಗೋಪುರದ ಅತಿ ದೊಡ್ಡ ಗಂಟೆ ಸಾಲ್ವಾಟರ್, ತೂಕ 8,884 ಕೆ.ಜಿ. ಅಂಚಿನ ದಪ್ಪವನ್ನೂ ನಾಲಗೆ ಬಡಿದು ಹೊಳಪೇರಿದ ಜಾಗವನ್ನೂ ಹತ್ತಿರದಿಂದ ನೋಡಿ. ಕೈಯಿಂದ ತಟ್ಟಿ ನೋಡುವ ಆಸೆ ಎಲ್ಲರಿಗೂ ಆಗುತ್ತದೆ, ತಟ್ಟಬೇಡಿ. ಗಂಟೆಗಳು ಯಾವ ಕ್ಷಣದಲ್ಲಾದರೂ ಬಡಿಯಬಹುದು, ಬಡಿಯುವ ಸುತ್ತಿಗೆಗೆ ನಿಮ್ಮ ಕೈ ಕಾಣುವುದಿಲ್ಲ.

*ಕ್ಯಾರಿಲಾನ್ ಕೋಣೆ.* ವಾದಕರ ಹಿಡಿಗಳ ಸಾಲು, ಪೆಡಲ್‌ಗಳು, ಮೇಲಕ್ಕೆ ಹೋಗುವ ತಂತಿಗಳ ಸಾಲು, ಎಲ್ಲವೂ ಅರ್ಥವಾಗುವುದು ಇಲ್ಲಿ. ಒಂದೇ ಒಂದು ಹಿಡಿಯನ್ನು ಆರಿಸಿಕೊಂಡು, ಅದರ ತಂತಿ ಎಲ್ಲಿ ತಿರುಗಿ ಎತ್ತ ಹೋಗುತ್ತದೆ ಎಂದು ಕಣ್ಣಲ್ಲೇ ಹಿಂಬಾಲಿಸಿ. ಹಿಡಿಯ ಹತ್ತಿರ ತಂತಿಯ ಮೇಲೆ ತಿರುಪು ಇರುತ್ತದೆ. ಬಿಸಿಲಿಗೆ ತಂತಿ ಹಿಗ್ಗುತ್ತದೆ, ಚಳಿಗೆ ಕುಗ್ಗುತ್ತದೆ, ನಾಲಗೆ ಗಂಟೆಯಿಂದ ಇರಬೇಕಾದ ಅಂತರ ತಪ್ಪುತ್ತದೆ. ನುಡಿಸುವ ಮೊದಲು ವಾದಕರು ಸರಿಮಾಡಿಕೊಳ್ಳುವುದು ಈ ತಿರುಪುಗಳನ್ನೇ. ಸಂಜೆ ಕಚೇರಿ ಕೇಳುವವರು ಇಲ್ಲಿ ಕಳೆಯುವ ಹತ್ತು ನಿಮಿಷ ತುದಿಯಲ್ಲಿ ಕಳೆಯುವ ಅರ್ಧ ಗಂಟೆಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ.

*ಗಡಿಯಾರದ ಕೋಣೆ.* ಇಲ್ಲಿ ನೋಡಬೇಕಾದದ್ದು ಮೊಳೆ ಚುಚ್ಚಿದ ದೊಡ್ಡ ಲೋಹದ ಉರುಳೆ. ಉರುಳೆ ತಿರುಗಿದಾಗ ಮೊಳೆಗಳು ಸನ್ನೆಗಳನ್ನು ಎತ್ತುತ್ತವೆ, ಸನ್ನೆಗಳು ತಂತಿಯ ಮೂಲಕ ಗಂಟೆಯ ಹೊರಮೈಗೆ ಸುತ್ತಿಗೆಯಿಂದ ಬಡಿಸುತ್ತವೆ. ಮನುಷ್ಯರ ಕೈಯಿಲ್ಲದೆ ಹಾಡು ನುಡಿಯುವ ವ್ಯವಸ್ಥೆ ಇದು. ಮೆಖೆಲೆನ್‌ನಲ್ಲಿ ಇದು ಏಳೂವರೆ ನಿಮಿಷಕ್ಕೊಮ್ಮೆ ನುಡಿಯುತ್ತದೆ. ಅಂದರೆ ನೀವು ಮೇಲಿರುವ ಹೊತ್ತಿನಲ್ಲಿ ಹಲವಾರು ಸಲ ಗಂಟೆಗಳು ಬಡಿದೇ ಬಡಿಯುತ್ತವೆ. ಇಯರ್‌ಪ್ಲಗ್ ಬೇಕೆಂದದ್ದು ಇದಕ್ಕೆ. ಗಂಟೆಗಳ ಮಗ್ಗುಲಲ್ಲಿ ನಿಂತಿರುವ ಮಕ್ಕಳು ಬೆಚ್ಚಿಬೀಳುತ್ತಾರೆ, ಮೊದಲೇ ಹೇಳಿಟ್ಟರೆ ಅದನ್ನೇ ಕಾಯುತ್ತ ಖುಷಿಪಡುತ್ತಾರೆ.

*ಸ್ಕೈವಾಕ್.* ತಿಳಿಯಾದ ದಿನ ಒಂದು ಕಡೆ ಆಂಟ್‌ವೆರ್ಪ್, ಇನ್ನೊಂದು ಕಡೆ ಬ್ರಸೆಲ್ಸ್‌ನ ಅಟೋಮಿಯಂ ಸ್ಮಾರಕದ ಗೋಲಗಳು ಕಾಣುತ್ತವೆ. ಮೋಡ ಕವಿದಿದ್ದರೆ ಹೆಂಚಿನ ಮಾಡುಗಳಷ್ಟೇ. ಸಂಜೆಗೆ ಕೂರಬೇಕಾದ ಜಾಗವನ್ನು ಇಲ್ಲಿಂದಲೇ ಗುರುತಿಸಿಕೊಳ್ಳಿ, ಯಾವ ಬೀದಿಯಲ್ಲಿ ವಾಹನಗಳ ಓಡಾಟ ಕಡಿಮೆ ಎನ್ನುವುದೂ ಮೇಲಿನಿಂದ ಚೆನ್ನಾಗಿ ತಿಳಿಯುತ್ತದೆ. ಟೋಪಿ, ಕನ್ನಡಕ, ಫೋನ್ ಹುಷಾರು.

ಇಳಿಯುವಾಗ ಫೋನನ್ನು ಜೇಬಿಗೆ ಹಾಕಿ. ಒಂದು ಕೈ ಗೋಡೆಯ ಮೇಲಿರಲಿ, ದೃಷ್ಟಿ ಎರಡು ಮೆಟ್ಟಿಲು ಮುಂದಿರಲಿ. ಸತತವಾಗಿ ಒಂದೇ ದಿಕ್ಕಿಗೆ ಸುತ್ತುವುದರಿಂದ ತಲೆ ತಿರುಗಿದಂತಾದರೆ ಕಣ್ಣು ಮುಚ್ಚಬೇಡಿ, ನಿಂತು ಗೋಡೆಯ ಒಂದು ಕಲ್ಲನ್ನು ದಿಟ್ಟಿಸಿ. ಅರ್ಧ ನಿಮಿಷದಲ್ಲಿ ಸರಿಹೋಗುತ್ತದೆ.

ತಿರುಗಿ ಬರಲೇಬೇಕಾದ ಸೂಚನೆಗಳು

ಎದೆ ಹಿಡಿದಂತಾಗುವುದು, ಎಡಗೈ ಅಥವಾ ದವಡೆಗೆ ಹರಡುವ ನೋವು, ನಿಂತು ಐದು ನಿಮಿಷವಾದರೂ ಇಳಿಯದ ಏದುಸಿರು, ಕಣ್ಣು ಕತ್ತಲೆ ಬರುವುದು. ಇವುಗಳಲ್ಲಿ ಒಂದು ಕಂಡರೂ ಮೇಲಕ್ಕೆ ಒಂದು ಹೆಜ್ಜೆಯನ್ನೂ ಇಡಬೇಡಿ. ಹತ್ತಿರದ ಕೋಣೆಯಲ್ಲಿ ಕೂರಿಸಿ ಸಿಬ್ಬಂದಿಗೆ ಹೇಳಿ, ತುರ್ತು ಸಂಖ್ಯೆ 112. ಟಿಕೆಟ್‌ನ ಹಣ ಹೋದೀತು ಎಂದು ಬಲವಂತವಾಗಿ ಹತ್ತಿಸುವವರೇ ಅಪಾಯ ತಂದುಕೊಳ್ಳುವವರು. ಗುಡುಗು ಸಿಡಿಲಿನ ಮುನ್ಸೂಚನೆ ಇದ್ದ ದಿನ ಸ್ಕೈವಾಕ್ ಆಸೆ ಬಿಡಿ.

ಹಂತ 7: ನಡುವಿನ ಹೊತ್ತು

ಸೋಮವಾರ ರಜೆ ಮಾಡುವ ಹೋಟೆಲುಗಳು ಬೆಲ್ಜಿಯಂನಲ್ಲಿ ಬಹಳ. ಎಂಟಕ್ಕೆ ಊಟ ಹುಡುಕಲು ಹೊರಟರೆ ಕಚೇರಿಯ ಮೊದಲರ್ಧ ಹೋದಂತೆಯೇ. ಆರೂವರೆಗೇ ಕೂತುಬಿಡಿ. ಸಸ್ಯಾಹಾರಿಗಳಿಗೆ ಒಂದು ಮಾತು: ಬೆಲ್ಜಿಯಂನ ಫ್ರೆಂಚ್ ಫ್ರೈಸ್ ಅನ್ನು ದನದ ಕೊಬ್ಬಿನಲ್ಲಿ ಕರಿಯುವ ರೂಢಿ ಇಂದಿಗೂ ಇದೆ. ಆಲೂಗಡ್ಡೆ ತಾನೇ ಎಂದು ತಿನ್ನುವ ಮೊದಲು ಯಾವ ಎಣ್ಣೆ ಎಂದು ಕೇಳಿ.

ಹಂತ 8: ಎಲ್ಲಿ ಕೂರಬೇಕು

ಇಡೀ ದಿನದ ಫಲ ನಿಂತಿರುವುದು ಈ ಹಂತದ ಮೇಲೆ, ಜನ ಅಲಕ್ಷ್ಯ ಮಾಡುವುದೂ ಇದನ್ನೇ.

ಗಂಟೆಗಳ ಸದ್ದು ಗೋಪುರದ ಕಿಂಡಿಗಳಿಂದ ಅಡ್ಡಲಾಗಿ ಹೊರಬರುತ್ತದೆ, ನೇರ ಕೆಳಗೆ ಸುರಿಯುವುದಿಲ್ಲ. ಬುಡದಲ್ಲಿ ನಿಂತವರಿಗೂ ಕಿಂಡಿಗೂ ನಡುವೆ ಗೋಡೆಯೇ ಅಡ್ಡ. ಸಣ್ಣ ಗಂಟೆಗಳ ತೆಳು ದನಿ ಗೋಡೆಯನ್ನು ಬಳಸಿಕೊಂಡು ಬರಲಾರದು, ದೊಡ್ಡ ಗಂಟೆಗಳ ಗುಂಯ್‌ಗುಡುವಿಕೆ ಬಂದೇ ಬರುತ್ತದೆ. ಅಲ್ಲಿಗೆ ಹಾಡು ಕಳೆದುಹೋಗಿ ಮೊರೆತವಷ್ಟೇ ಉಳಿಯುತ್ತದೆ. ಬರೀ ಗದ್ದಲ ಎಂದು ದೂರುವವರು ನಿಂತದ್ದು ಇಲ್ಲಿ.

ತೀರಾ ದೂರ ಹೋದರೂ ಕಷ್ಟ, ಊರಿನ ಸದ್ದು ಮೇಲುಗೈ ಪಡೆಯುತ್ತದೆ. ಗೋಪುರದ ಎತ್ತರಕ್ಕಿಂತ ಕಡಿಮೆಯಿಲ್ಲದಷ್ಟು ದೂರ, ಅಂದರೆ 100ರಿಂದ 250 ಮೀಟರ್, ಕಿಂಡಿಗಳು ನೇರವಾಗಿ ಕಣ್ಣಿಗೆ ಕಾಣುವ ಜಾಗ, ಸುತ್ತ ವಾಹನವಿಲ್ಲದ ಅಂಗಳ: ಈ ಮೂರೂ ಕೂಡಿದ ಕಡೆ ಕೂರಬೇಕು. ಕಿಂಡಿ ಕಂಡರೆ ಸದ್ದೂ ತಲುಪುತ್ತದೆ ಎಂಬುದೇ ಸುಲಭದ ಪರೀಕ್ಷೆ.

ಸೋಮವಾರದ ಕಚೇರಿಗೆ ಮಿಂಡರ್‌ಬ್ರೂಡರ್ಸ್‌ಗಾಂಗ್ ಬೀದಿಯ ಸಾಂಸ್ಕೃತಿಕ ಕೇಂದ್ರದ ಅಂಗಳವೇ ಗೊತ್ತಾದ ಕೇಳುವ ತಾಣ. ಉಚಿತ ಪ್ರವೇಶ, ಊರಿನ ರಸಿಕರೆಲ್ಲ ಅಲ್ಲೇ ಸೇರುತ್ತಾರೆ. ಗ್ರೋಟೆ ಮಾರ್ಕ್ಟ್ ಚೌಕದ ಕೆಫೆಗಳಲ್ಲಿ ಕೂತೂ ಕೇಳಬಹುದು, ಆದರೆ ಲೋಟ, ತಟ್ಟೆ, ಹರಟೆಗಳ ನಡುವೆ ಮೆಲುದನಿಯ ಭಾಗಗಳು ಮುಳುಗಿಹೋಗುತ್ತವೆ. ಶನಿವಾರ ಬೆಳಿಗ್ಗೆ ಊರಿನ ಸಂತೆ ಇರುತ್ತದೆ, ಅಂದು ಚೌಕದ ಕಡೆ ಸುಳಿಯದೆ ಹಿಂಬದಿಯ ಬೀದಿಗಳಿಗೆ ಸರಿಯಿರಿ.

ಮೊದಲ ಐದು ನಿಮಿಷ ಒಂದೇ ಕಡೆ ಬೇರೂರಬೇಡಿ. ನಾಲ್ಕು ಹೆಜ್ಜೆ ಆಚೀಚೆ ಸರಿದು ಕೇಳಿ. ಎದುರಿನ ಗೋಡೆಯಿಂದ ಸದ್ದು ಮರಳಿ ಬಂದು ಪ್ರತಿ ಸ್ವರವೂ ಎರಡೆರಡು ಸಲ ಕೇಳುತ್ತಿದ್ದರೆ ಆ ಜಾಗ ಕೆಟ್ಟದ್ದು. ಸಣ್ಣ ಗಂಟೆಗಳು ಬಿಡಿಬಿಡಿಯಾಗಿ ಕೇಳುವ ಕಡೆ ಕೂತುಬಿಡಿ.

ಹಂತ 9: ಏನನ್ನು ಕೇಳಬೇಕು

ಮೊದಲು ತಿಳಿಯಬೇಕಾದದ್ದು ಕೇಳುತ್ತಿರುವುದು ಉರುಳೆಯೋ ಮನುಷ್ಯರೋ ಎಂದು. ಏಳೂವರೆ ನಿಮಿಷಕ್ಕೊಮ್ಮೆ ಬರುವ ಉರುಳೆಯ ನುಡಿ ಕೇಳಿ, ಕಚೇರಿ ಇಷ್ಟೇ ಎಂದು ಹೊರಟುಹೋದವರು ಎಷ್ಟೋ. ಉರುಳೆಯ ಬಡಿತ ಒಂದೇ ಸಮ, ಜೋರು ಮೆಲ್ಲ ಎಂಬ ಭೇದವಿಲ್ಲ, ಬೇಗ ಮುಗಿಯುತ್ತದೆ. ಕೈ ನುಡಿಸಿದಾಗ ದನಿ ಏರುತ್ತದೆ, ಇಳಿಯುತ್ತದೆ, ಸಾಲಿನ ಕೊನೆಯಲ್ಲಿ ಕ್ಷಣಕಾಲ ತಡೆದು ನಿಲ್ಲುತ್ತದೆ. 8.30ರ ಬಡಿತ ಮುಗಿದ ಮೇಲೆ ಶುರುವಾಗಿ ಹತ್ತಿರ ಹತ್ತಿರ ಒಂದು ಗಂಟೆ ಸಾಗುವುದೇ ಕಚೇರಿ.

ಕರ್ನಾಟಕ ಸಂಗೀತ ಕೇಳಿ ಬೆಳೆದ ಕಿವಿಗೆ ಎರಡು ಸಂಗತಿ ವಿಚಿತ್ರವೆನಿಸುತ್ತವೆ. ಗಂಟೆಯ ಸ್ವರ ಸ್ಥಿರ, ಗಮಕಕ್ಕೆ ಜಾಗವೇ ಇಲ್ಲ. ದೀರ್ಘ ಸ್ವರ ಬೇಕಾದಾಗ ವಾದಕರು ಒಂದೇ ಗಂಟೆಯನ್ನೋ ಎರಡು ಗಂಟೆಗಳನ್ನೋ ಬೇಗಬೇಗ ಮರುಬಡಿದು ನಾದವನ್ನು ಹಿಡಿದಿಡುತ್ತಾರೆ. ಇನ್ನೊಂದು, ಪ್ರತಿ ಗಂಟೆಯ ನಾದದೊಳಗೂ ಅದರ ಷಡ್ಜದ ಜೊತೆಗೆ ಸಾಧಾರಣ ಗಾಂಧಾರದ ಎಳೆಯೊಂದು ತಾನಾಗಿ ಬೆರೆತಿರುತ್ತದೆ. ಹಾಗಾಗಿ ಅಂತರ ಗಾಂಧಾರ ಬರುವ ಹರ್ಷದ ಹಾಡುಗಳಲ್ಲೂ, ಅದರಲ್ಲೂ ದೊಡ್ಡ ಗಂಟೆಗಳಲ್ಲಿ, ಏನೋ ಒಂದು ಒಗರು ಕೇಳಿಸುತ್ತದೆ. ಶ್ರುತಿ ತಪ್ಪಿದೆ ಎಂದು ಭಾವಿಸಬೇಡಿ, ಗಂಟೆಯ ಆಕಾರದಿಂದಲೇ ಬಂದ ಗುಣ ಅದು.

ನಾದವನ್ನು ನಿಲ್ಲಿಸುವ ಉಪಾಯ ಕ್ಯಾರಿಲಾನ್‌ನಲ್ಲಿಲ್ಲ. ದೊಡ್ಡ ಗಂಟೆ ಒಮ್ಮೆ ಬಡಿದರೆ ಅದು ತಾನಾಗಿ ಕರಗುವವರೆಗೂ ಮೊಳಗುತ್ತಲೇ ಇರುತ್ತದೆ. ನುರಿತ ವಾದಕರು ಕೆಳಸ್ಥಾಯಿಯನ್ನು ಹಿತಮಿತವಾಗಿ ಬಳಸುವುದು ಇದಕ್ಕೇ. ಒಂದು ದೊಡ್ಡ ಗಂಟೆ ಬಡಿದ ಮೇಲೆ ಅದರ ಮೊಳಗು ಆರುವ ಮೊದಲು ಮೇಲಿನ ಗಂಟೆಗಳು ಯಾವ ಸ್ವರಗಳನ್ನು ಆರಿಸಿಕೊಳ್ಳುತ್ತವೆ ಎಂದು ಗಮನಿಸಿ, ವಾದಕರ ಜಾಣ್ಮೆ ಅಲ್ಲಿ ತಿಳಿಯುತ್ತದೆ.

ರೆಕಾರ್ಡ್ ಮಾಡುವವರು ಫೋನನ್ನು ಮೇಲಕ್ಕೆತ್ತಿ ಹಿಡಿದರೆ ಗಾಳಿಯ ಸದ್ದೇ ಸಿಗುತ್ತದೆ. ಗಾಳಿಗೆ ಮರೆಯಾದ ಬೆಂಚಿನ ಮೇಲಿಡಿ, ಏರೋಪ್ಲೇನ್ ಮೋಡ್‌ಗೆ ಹಾಕಿ. ಮಳೆ ಬಂದರೆ ಕಚೇರಿ ನಿಲ್ಲುವುದಿಲ್ಲ, ವಾದಕರು ಒಳಗಿದ್ದಾರೆ, ನೆನೆಯುವವರು ನೀವು. ಮಡಚುವ ಕೊಡೆ ಇದ್ದರೂ ಹನಿ ಬಡಿಯುವ ಸದ್ದು ಅಡ್ಡಿಯಾಗುತ್ತದೆ, ಟೋಪಿಯಿರುವ ಮಳೆಯಂಗಿ ಮೇಲು. ಒಂದೊಂದು ಹಾಡಿಗೂ ಚಪ್ಪಾಳೆ ತಟ್ಟಿದರೆ ಮೇಲಿನವರಿಗೆ ಕೇಳಿಸುವುದಿಲ್ಲ. ಕೊನೆಯಲ್ಲಿ ವಾದಕರು ಮೆಟ್ಟಿಲಿಳಿದು ಕೇಳುಗರ ಬಳಿ ಬರುವುದುಂಟು. ಹತ್ತು ಹದಿನೈದು ನಿಮಿಷ ಕಾಯುವುದಾದರೆ ಚಪ್ಪಾಳೆಯನ್ನು ಆಗ ಕೊಡಬಹುದು, ಪ್ರಶ್ನೆಗಳಿದ್ದರೆ ಆಗಲೇ ಕೇಳಬಹುದು.

ಹಂತ 10: ವಾಪಸ್ ಹೊರಡುವುದು

ಜೂನ್ ಮಧ್ಯದಲ್ಲಿ ಸೂರ್ಯ ಮುಳುಗುವುದು ರಾತ್ರಿ ಹತ್ತಕ್ಕೆ, ಬೆಳಕಿನಲ್ಲೇ ನಿಲ್ದಾಣ ಸೇರುತ್ತೀರಿ. ಸೆಪ್ಟೆಂಬರ್ ಮಧ್ಯಕ್ಕೆ ಎಂಟರ ಹೊತ್ತಿಗೇ ಕತ್ತಲಾಗುವುದರಿಂದ ನಿಲ್ದಾಣದ ದಾರಿಯನ್ನು ಹಗಲಲ್ಲೇ ನೋಡಿಟ್ಟುಕೊಳ್ಳಿ. ಬ್ರಸೆಲ್ಸ್ ಕಡೆಯ ರೈಲುಗಳು ರಾತ್ರಿಯಲ್ಲೂ ಇರುತ್ತವೆ, ಆದರೆ ಹಗಲಿನಷ್ಟು ದಟ್ಟವಲ್ಲ. ಬೇರೆ ಊರಿಗೆ ರೈಲು ಬದಲಿಸಬೇಕಾದವರು ಎರಡನೇ ರೈಲಿನ ಕೊನೆಯ ವೇಳೆಯನ್ನೂ ಆ್ಯಪ್‌ನಲ್ಲಿ ನೋಡಿಕೊಂಡೇ ಕಚೇರಿಗೆ ಕೂರಬೇಕು.

ಮೆಖೆಲೆನ್ ಬದಲು ಬೇರೆ ಗೋಪುರವಾದರೆ

ಹೆಚ್ಚಿನವರ ಪ್ರವಾಸದ ಪಟ್ಟಿಯಲ್ಲಿರುವುದು ಬ್ರೂಜ್. ಅಲ್ಲಿನ ಬೆಲ್‌ಫ್ರಿ ಎಂಬ ಗಂಟೆಗೋಪುರಕ್ಕೆ 366 ಮೆಟ್ಟಿಲು, 47 ಗಂಟೆ. ಹತ್ತಲು ವೇಳೆ ಗೊತ್ತುಮಾಡಿದ ಟಿಕೆಟ್ ಬೇಕು, ಬೇಸಿಗೆಯಲ್ಲಿ ಬಾಗಿಲಿಗೆ ಹೋಗಿ ಕೇಳಿದರೆ ಆ ದಿನದ್ದು ಸಿಗುವ ಭರವಸೆಯಿಲ್ಲ. ಕೇಳಲು ಗೋಪುರದ ಹಿಂದಿನ ಒಳ ಅಂಗಳ ಚೆನ್ನಾಗಿದೆ, ಎದುರಿನ ಚೌಕದಲ್ಲಿ ಕುದುರೆಗಾಡಿಗಳ ಗದ್ದಲ. ಲೂವೆನ್‌ನಲ್ಲೇ ಇರುವವರಿಗೆ ವಿಶ್ವವಿದ್ಯಾಲಯದ ಗ್ರಂಥಾಲಯದ ಗೋಪುರ ಕೂಗಳತೆಯಲ್ಲಿದೆ. 63 ಗಂಟೆಗಳ ಕ್ಯಾರಿಲಾನ್ ಅದು, ಹತ್ತುವ ಮೆಟ್ಟಿಲೂ ಮೆಖೆಲೆನ್‌ಗಿಂತ ಕಡಿಮೆ. ಮಂಡಿಯ ಬಗ್ಗೆ ಅನುಮಾನವಿರುವವರು ಮೊದಲು ಅಲ್ಲಿ ಹತ್ತಿ ನೋಡಿ, ಮಾರನೆಯ ದಿನ ಕಾಲು ಏನು ಹೇಳುತ್ತದೋ ತಿಳಿದುಕೊಂಡು ಮೆಖೆಲೆನ್‌ನ ಟಿಕೆಟ್ ತೆಗೆದುಕೊಳ್ಳಬಹುದು.